ಇದು ಸೆಕೆಯ ಬೆವರಲ್ಲ

2024ರ ಜೂನ್ 19ರಂದು ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ದಾಖಲಾದ ಕನಿಷ್ಠ ಉಷ್ಣಾಂಶ 35.2 ಡಿಗ್ರಿ ಸೆಲ್ಸಿಯಸ್. ಗರಿಷ್ಠ ಅಲ್ಲ, ಕನಿಷ್ಠ. ಬೆಂಗಳೂರಿನವರು ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಪಡುವ ಬಿಸಿಲಿನ ಕಾವು ಇಲ್ಲಿ ರಾತ್ರಿಯಿಡೀ ಇತ್ತು. ಗೋಡೆ ಮುಟ್ಟಿದರೆ ಬಿಸಿ, ನಲ್ಲಿ ತಿರುಗಿಸಿದರೆ ಬಿಸಿನೀರು, ದಿಂಬು ತಿರುವಿಹಾಕಿದರೂ ಬಿಸಿ. ಇಂಥ ಊರಿನಲ್ಲಿ ಯಾರಾದರೂ ‘ರಾತ್ರಿ ತುಂಬಾ ಬೆವರುತ್ತೇನೆ’ ಎಂದರೆ ಯಾರೂ ಕಿವಿಗೊಡುವುದಿಲ್ಲ. ಎಲ್ಲರೂ ಬೆವರುತ್ತಾರೆ, ಅದರಲ್ಲೇನು ವಿಶೇಷ ಎನ್ನುತ್ತಾರೆ. ಹೇಳಿಕೊಂಡವರೂ ಹೌದಲ್ಲ ಎಂದು ಸುಮ್ಮನಾಗುತ್ತಾರೆ.

ನನ್ನ ಆತಂಕ ಇರುವುದು ಈ ಸುಮ್ಮನಾಗುವುದರಲ್ಲೇ. ರಾತ್ರಿಯ ಬೆವರಿಗೆ ಹತ್ತಾರು ಕಾರಣಗಳಿವೆ. ಹೆಚ್ಚಿನವು ಅಂಜಬೇಕಾದವಲ್ಲ, ಕೆಲವು ಮಾತ್ರ ಒಂದು ತಿಂಗಳು ತಡವಾದರೂ ದುಬಾರಿಯಾಗುವಂಥವು. ದೆಹಲಿಯ ಧಗೆ ಆ ಕೆಲವನ್ನು ಮುಚ್ಚಿಡುತ್ತದೆ. ಏಪ್ರಿಲ್‌ನಲ್ಲಿ ಶುರುವಾದ ಕಾಯಿಲೆಯನ್ನು ಅಕ್ಟೋಬರ್‌ವರೆಗೂ ಹವೆಯ ಮೇಲೆ ಹೊರಿಸಿಕೊಂಡು ಕೂರಲು ಈ ಊರಿನಲ್ಲಿ ಸಾಧ್ಯವಿದೆ.

ಆದ್ದರಿಂದ ಮೊದಲು ಮಾಡಬೇಕಾದದ್ದು ಎರಡು ಬಗೆಯ ಬೆವರನ್ನು ಬೇರೆ ಮಾಡಿ ನೋಡುವುದು. ಕೋಣೆಯ ಬಿಸಿಗೆ ಬರುವ ಬೆವರು ಕೋಣೆ ತಂಪಾದರೆ ಹೋಗುತ್ತದೆ. ಎಸಿ 24 ಡಿಗ್ರಿಯಲ್ಲಿ ಓಡುತ್ತಿದ್ದರೂ, ಪಕ್ಕದಲ್ಲಿ ಮಲಗಿದವರು ಹೊದಿಕೆ ಎಳೆದುಕೊಂಡಿದ್ದರೂ ನಿಮ್ಮ ಬನಿಯನ್ ಹಿಂಡುವಷ್ಟು ಒದ್ದೆಯಾಗಿ, ಎದ್ದು ಬಟ್ಟೆ ಬದಲಾಯಿಸಿ, ಹಾಸಿಗೆಯ ಮೇಲೆ ಬೇರೆ ಮೇಲುಹಾಸು ಹಾಸಬೇಕಾಗಿ ಬಂದರೆ ಅದು ದೇಹದ ಒಳಗಿನಿಂದ ಬಂದ ಬೆವರು. ವೈದ್ಯರು ರಾತ್ರಿ ಬೆವರು ಎಂದು ಗಂಭೀರವಾಗಿ ಎಣಿಸುವುದು ಇದನ್ನೇ. ಕುತ್ತಿಗೆ ಸ್ವಲ್ಪ ಅಂಟಂಟಾದರೆ ಅದು ಈ ಲೆಕ್ಕಕ್ಕೆ ಬಾರದು. ಎಸಿ ಇಲ್ಲದವರು ಏನು ಮಾಡಬೇಕು? ಅದೇ ಕೋಣೆಯಲ್ಲಿ ಮಲಗುವ ಇನ್ನೊಬ್ಬರನ್ನು ಕೇಳಿ. ಇಬ್ಬರಿಗೂ ಒಂದೇ ಧಗೆ. ಒಬ್ಬರಿಗೆ ಮಾತ್ರ ಹಾಸಿಗೆ ತೊಯ್ದರೆ ತಪ್ಪು ಧಗೆಯದಲ್ಲ.

ದೆಹಲಿಯ ಚಳಿಗಾಲ ಈ ಪರೀಕ್ಷೆಗೆ ಒಳ್ಳೆಯ ಕಾಲ. ಜನವರಿಯಲ್ಲಿ ಹೊರಗೆ ನಾಲ್ಕೈದು ಡಿಗ್ರಿ ಇರುವಾಗ ಬೆವರಿ ಎದ್ದರೆ ಅದಕ್ಕೆ ಹವೆ ಕಾರಣವಾಗಲಾರದು. ಆದರೂ ಒಂದು ಎಚ್ಚರ ಬೇಕು: ನಮ್ಮ ಕಡೆಯಿಂದ ಹೊಸದಾಗಿ ಬಂದವರು ಚಳಿಗೆ ಹೆದರಿ ಎರಡು ಸ್ವೆಟರ್ ತೊಟ್ಟು, ಹತ್ತಿ ತುಂಬಿದ ರಜಾಯಿ ಹೊದ್ದು, ಹೀಟರನ್ನೂ ಹಚ್ಚಿ ಮಲಗುತ್ತಾರೆ. ಅಷ್ಟೆಲ್ಲ ಮಾಡಿದರೆ ಯಾರಾದರೂ ಬೆವರುತ್ತಾರೆ. ಒಂದು ಪದರ ಕಡಿಮೆ ಮಾಡಿ ಎರಡು ರಾತ್ರಿ ನೋಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಂಗೀಠಿಯನ್ನಂತೂ ಎಂದಿಗೂ ಇಡಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲೇ ಸಾಯುತ್ತಾರೆ.

ತುಮಕೂರಿನಿಂದ ಕಲಿತ ಪಾಠ

ಒಳಗಿನ ಬೆವರಿನ ಕಾರಣಗಳಲ್ಲಿ ಮೊದಲು ನೆನೆಯಬೇಕಾದದ್ದು ಕ್ಷಯ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಇರುವುದು ಭಾರತದಲ್ಲಿ. ದೆಹಲಿಯಂಥ ಇಕ್ಕಟ್ಟಿನ ಊರು ಅದಕ್ಕೆ ಹೇಳಿ ಮಾಡಿಸಿದ ಜಾಗ. ಓಲ್ಡ್ ರಾಜಿಂದರ್ ನಗರ, ಮುಖರ್ಜಿ ನಗರಗಳಲ್ಲಿ ಐಎಎಸ್ ಪರೀಕ್ಷೆಗೆ ಓದುವ ನಮ್ಮ ವಿಜಯಪುರದ, ಕಲಬುರಗಿಯ, ಹಾಸನದ ಮಕ್ಕಳನ್ನು ನೋಡಿದಾಗಲೆಲ್ಲ ನನಗೆ ಇದೇ ಯೋಚನೆ. ಕಿಟಕಿಯಿಲ್ಲದ ಪಿಜಿ ಕೋಣೆ, ಪ್ಲೈವುಡ್ ಹಲಗೆಯಲ್ಲಿ ಪಾಲು ಮಾಡಿದ ಗೂಡು, ಬಾಗಿಲು ಮುಚ್ಚಿ ಎಸಿ ಹಾಕಿದ ಲೈಬ್ರರಿಯಲ್ಲಿ ಹನ್ನೆರಡು ಗಂಟೆ, ಊಟಕ್ಕೆ ಸಿಕ್ಕಿದ್ದು. ಗಾಳಿಯಲ್ಲಿ ಹರಡುವ ಕಾಯಿಲೆಗೆ ಇದಕ್ಕಿಂತ ಅನುಕೂಲ ಬೇಕೆ? ಅವರಿಗೆ ತೂಕ ಇಳಿದರೆ ಓದಿನ ಒತ್ತಡ, ಕೆಮ್ಮು ಬಂದರೆ ನವೆಂಬರ್‌ನ ಹೊಗೆ, ರಾತ್ರಿ ಬೆವರಿದರೆ ಕರೆಂಟು ಹೋಗಿತ್ತು. ಒಂದೊಂದಕ್ಕೂ ಒಂದೊಂದು ಸಮಾಧಾನ ಸಿದ್ಧವಾಗಿರುತ್ತದೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡುವವರು ಜೊತೆಯಲ್ಲಿ ಇರುವುದಿಲ್ಲ.

ಕ್ಷಯದಲ್ಲಿ ಬೆವರು ಬರುವ ಬಗೆ ಹೀಗೆ. ಸಂಜೆಯ ಹೊತ್ತಿಗೆ ಸಣ್ಣಗೆ ಜ್ವರ ಏರುತ್ತದೆ, ಎಷ್ಟೋ ಸಲ ಅದು ಅರಿವಿಗೇ ಬರುವುದಿಲ್ಲ. ರಾತ್ರಿ ಆ ಜ್ವರ ಇಳಿಯುವಾಗ ದೇಹ ತನ್ನ ಬಿಸಿಯನ್ನು ಬೆವರಾಗಿ ಹೊರಹಾಕುತ್ತದೆ. ಬೆಳಿಗ್ಗೆ ಮೈ ತಣ್ಣಗಿರುವುದರಿಂದ ಜ್ವರವಿತ್ತೆಂಬ ಸುಳಿವೇ ಇರುವುದಿಲ್ಲ. ಆದ್ದರಿಂದ ಥರ್ಮಾಮೀಟರನ್ನು ಬೆಳಿಗ್ಗೆ ಅಲ್ಲ, ಸಂಜೆ ಐದರಿಂದ ಏಳರ ನಡುವೆ ಇಡಿ. ಎರಡು ವಾರ ಮೀರಿದ ಕೆಮ್ಮು, ಎಳೆದುಕೊಂಡು ಹೋಗುವ ಜ್ವರ, ಕಾರಣವಿಲ್ಲದೆ ಇಳಿದ ತೂಕ, ರಾತ್ರಿಯ ಬೆವರು, ಈ ನಾಲ್ಕರಲ್ಲಿ ಯಾವುದೇ ಒಂದಿದ್ದರೂ ಕ್ಷಯದ ಪರೀಕ್ಷೆ ಮಾಡಿಸಬೇಕು ಎನ್ನುವುದು ಒಪ್ಪಿತವಾದ ಕ್ರಮ. ಕೆಮ್ಮು ಇಲ್ಲ ಎಂದು ಕ್ಷಯವಿಲ್ಲ ಎನ್ನಲಾಗದು. ಕುತ್ತಿಗೆಯ ಗಂಟಿನಲ್ಲಿ, ಬೆನ್ನುಮೂಳೆಯಲ್ಲಿ, ಹೊಟ್ಟೆಯಲ್ಲಿ ಕೂಡ ಅದು ಕೂರುತ್ತದೆ.

ಇಲ್ಲಿ ಕನ್ನಡ ನಾಡಿನ ಒಂದು ಹಳೆಯ ಅಧ್ಯಯನ ಹೇಳಲೇಬೇಕು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾಯಿತು. ಹಳ್ಳಿಯ ಜನಕ್ಕೆ ತಿಳಿವಳಿಕೆ ಇಲ್ಲ, ರೋಗ ಬಲಿಯುವ ತನಕ ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆ ಕಾಲದ ಸಾಮಾನ್ಯ ನಂಬಿಕೆ. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಕ್ಷಯವಿದ್ದವರನ್ನು ಅವರವರ ಊರಿನಲ್ಲೇ ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಆ ವರದಿ ನಂಬಿಕೆಯನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ಮೈಯಲ್ಲಿ ಏನೋ ಸರಿಯಿಲ್ಲ ಎಂಬುದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಸೀಸೆ. ಕಫ ಪರೀಕ್ಷೆ ಮಾಡಿದವರೇ ಇರಲಿಲ್ಲ ಎನ್ನುವ ಸ್ಥಿತಿ. ಬ್ಯಾನರ್ಜಿ ಅವರು ಆಮೇಲೆ ದೆಹಲಿಗೆ ಬಂದು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಮುದಾಯ ಆರೋಗ್ಯದ ಅಧ್ಯಯನ ಕೇಂದ್ರವನ್ನು ಕಟ್ಟಿದರು.

ಅರವತ್ತು ವರ್ಷ ಕಳೆದರೂ ಆ ಸೀಸೆಯ ಕತೆ ಮುಗಿದಿಲ್ಲ. ಮೂಲೆಯ ಔಷಧಿ ಅಂಗಡಿಯಲ್ಲಿ ಸಿರಪ್, ಐದು ದಿನದ ಆಂಟಿಬಯಾಟಿಕ್, ವಿಟಮಿನ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ಅಲ್ಲಿ ನಿಲ್ಲಬೇಡಿ. ‘ಕಫ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಮಾಡಿಸಿ’ ಎಂದು ನೀವೇ ಬಾಯಿಬಿಟ್ಟು ಕೇಳಿ. ಸಿಬಿನ್ಯಾಟ್, ಟ್ರೂನ್ಯಾಟ್ ಎಂಬ ಯಂತ್ರಗಳು ಕೆಲವೇ ಗಂಟೆಗಳಲ್ಲಿ ಕ್ಷಯದ ರೋಗಾಣು ಇದೆಯೇ, ಅದು ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎರಡನ್ನೂ ಹೇಳುತ್ತವೆ. ಸರ್ಕಾರಿ ವ್ಯವಸ್ಥೆಯಲ್ಲಿ ಪರೀಕ್ಷೆಗೂ ಔಷಧಿಗೂ ಹಣ ಕೊಡಬೇಕಾಗಿಲ್ಲ. ದೆಹಲಿಯ ಪ್ರತಿ ಭಾಗದಲ್ಲೂ ಚೆಸ್ಟ್ ಕ್ಲಿನಿಕ್‌ಗಳಿವೆ. ಮೆಹ್ರೋಲಿಯಲ್ಲಿ ಕುತುಬ್ ಮಿನಾರಿಗೆ ಹತ್ತಿರದಲ್ಲೇ ರಾಷ್ಟ್ರೀಯ ಕ್ಷಯ ಮತ್ತು ಶ್ವಾಸರೋಗ ಸಂಸ್ಥೆ ಇದೆ. ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು. ಮಾತ್ರೆ ಶುರುವಾದಾಗ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ರಕ್ತವೆಂದು ಗಾಬರಿಯಾಗಬೇಡಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ತಕ್ಷಣ ವೈದ್ಯರಲ್ಲಿಗೆ ಹೋಗಿ. ಚಿಕಿತ್ಸೆ ಆರಂಭವಾದ ಕೆಲವೇ ವಾರಗಳಲ್ಲಿ ಬೆವರು ನಿಂತು ಹಸಿವು ಮರಳುತ್ತದೆ. ಅಪಾಯ ಅಲ್ಲೇ ಇದೆ: ವಾಸಿಯಾಯಿತೆಂದು ಮಾತ್ರೆ ಬಿಟ್ಟವರಲ್ಲಿ ರೋಗ ಮದ್ದಿಗೆ ಬಗ್ಗದಂತಾಗಿ ಮರಳಬಹುದು.

ಪರೀಕ್ಷೆ ಮುಗಿಸಿ ಊರಿಗೆ ಹೊರಟ ವಿದ್ಯಾರ್ಥಿಗಳು, ನೋಯ್ಡಾದಿಂದ ಗುರುಗ್ರಾಮಕ್ಕೆ ಕೆಲಸ ಬದಲಿಸಿದವರು ಚಿಕಿತ್ಸೆ ನಿಲ್ಲಿಸಬೇಕಾಗಿಲ್ಲ. ನಿಕ್ಷಯ್ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ನಿಮ್ಮ ಹೆಸರಿರುತ್ತದೆ, ಅದರ ಸಂಖ್ಯೆ ಹೇಳಿದರೆ ವಿಜಯಪುರ ಜಿಲ್ಲೆಯ ಇಂಡಿಯ ಆಸ್ಪತ್ರೆಯಲ್ಲೋ ಸಿಂದಗಿಯಲ್ಲೋ ಔಷಧಿ ಮುಂದುವರಿಸಿಕೊಳ್ಳಬಹುದು. ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆಂದು ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಏರಿಸಿದ್ದಾರೆ. ಸಹಾಯವಾಣಿ 1800-11-6666. ಇದನ್ನು ಬರೆದಿಟ್ಟುಕೊಳ್ಳಿ. ನಾಚಿಕೆಯ ಮಾತು ಬೇಡ. ಮೈಸೂರಿನ ಕೆಆರ್‌ಎಸ್ ರಸ್ತೆಯ ಕ್ಷಯ ಆಸ್ಪತ್ರೆಗೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿರುವುದು ಅರಮನೆಯ ಆ ಹೆಣ್ಣುಮಗಳನ್ನೂ ಇದೇ ಕಾಯಿಲೆ ಒಯ್ದದ್ದರಿಂದ. ಆಗ ಮದ್ದಿರಲಿಲ್ಲ. ಈಗ ಇದೆ.

ಅಮ್ಮಂದಿರ ಬೆವರು

ನಲವತ್ತೈದು ದಾಟಿದ ಹೆಂಗಸರಲ್ಲಿ ಕಾರಣ ಹೆಚ್ಚಾಗಿ ಬೇರೆಯೇ. ನಮ್ಮ ದೇಶದ ಮಹಿಳೆಯರಿಗೆ ಸರಾಸರಿ 46-47ರ ಹೊತ್ತಿಗೆ ಮುಟ್ಟು ನಿಲ್ಲುತ್ತದೆ. ಅದಕ್ಕೆ ಕೆಲವು ವರ್ಷ ಮೊದಲೇ ಈಸ್ಟ್ರೋಜನ್ ಏರಿಳಿಯತೊಡಗುತ್ತದೆ. ಮೈಯ ಬಿಸಿಯನ್ನು ಹತೋಟಿಯಲ್ಲಿಡುವ ಮಿದುಳಿನ ಭಾಗ ಆಗ ಅತಿ ಸೂಕ್ಷ್ಮವಾಗಿ, ತೀರ ಸಣ್ಣ ಏರಿಕೆಗೂ ಬೆವರನ್ನು ಹರಿಸುತ್ತದೆ. ಎದೆಯಿಂದ ಮುಖಕ್ಕೆ ಒಮ್ಮೆಲೇ ಕಾವು ಏರುವುದು, ಎದೆ ಡವಗುಟ್ಟುವುದು, ಮೈ ತೊಯ್ದು ಆಮೇಲೆ ಚಳಿಯಾಗುವುದು, ಇದು ಮೂರು ನಾಲ್ಕು ನಿಮಿಷದಲ್ಲಿ ಮುಗಿದರೂ ನಿದ್ದೆ ಹಾಳು. ಕೆಲವರಿಗೆ ಇದು ಏಳೆಂಟು ವರ್ಷ ಕಾಡುತ್ತದೆ.

ಇದನ್ನು ನಮ್ಮ ಮನೆಗಳಲ್ಲಿ ಯಾರೂ ಹೇಳುವುದಿಲ್ಲ. ಅಮ್ಮ ನಡುರಾತ್ರಿ ಎದ್ದು ಬಾಲ್ಕನಿಯಲ್ಲಿ ನಿಂತಿರುತ್ತಾರೆ, ಕೇಳಿದರೆ ‘ಏನಿಲ್ಲ ಸೆಕೆ’ ಎನ್ನುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ಎಲ್ಲರ ಡಬ್ಬಿಗೆ ಅಡುಗೆ ಮಾಡಬೇಕಾದವರಿಗೆ ರಾತ್ರಿಯ ಎರಡು ಗಂಟೆಯ ನಿದ್ದೆ ಹೋದರೆ ಅದು ಸಣ್ಣ ವಿಷಯವಲ್ಲ. ಸಹಿಸಿಕೊಳ್ಳುವುದೇ ದಾರಿ ಎನ್ನುವುದು ತಪ್ಪು. ಮಲಗುವ ಮುನ್ನ ಬಿಸಿ ಕಾಫಿ, ಖಾರದ ಊಟ ಬಿಟ್ಟು ನೋಡುವುದು, ಸಿಂಥೆಟಿಕ್ ನೈಟಿಯ ಬದಲು ತೆಳು ಹತ್ತಿಯದು ತೊಡುವುದು, ಮಂಚದ ಹತ್ತಿರ ಒಂದು ಟೇಬಲ್ ಫ್ಯಾನ್ ಇಡುವುದು ಕೆಲವರಿಗೆ ಸಾಕಾಗುತ್ತದೆ. ಸಾಲದಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಹಾರ್ಮೋನು ಚಿಕಿತ್ಸೆ ಇದಕ್ಕೆ ಅತ್ಯಂತ ಪರಿಣಾಮಕಾರಿ. ಅರವತ್ತರ ಒಳಗೆ, ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡಿದರೆ ಹೆಚ್ಚಿನವರಿಗೆ ಲಾಭವೇ ಹೆಚ್ಚು. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಸಲ್ಲದು, ಅವರಿಗೆ ಹಾರ್ಮೋನಿಲ್ಲದ ಮಾತ್ರೆಗಳಿವೆ. ಥೈರಾಯ್ಡ್ ಹೆಚ್ಚಾದರೂ ಇದೇ ಥರ ಬೆವರು, ಎದೆಬಡಿತ ಇರುವುದರಿಂದ ಟಿಎಸ್‌ಎಚ್ ಪರೀಕ್ಷೆ ಮೊದಲು ಆಗಲಿ. ಮುಟ್ಟು ಪೂರ್ತಿ ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಕಾಯದೆ ತೋರಿಸಿ.

ಬಾಣಂತಿಯರ ಮಾತೂ ಇಲ್ಲೇ ಬರಲಿ. ಹೆರಿಗೆಯಾದ ಮೊದಲ ಕೆಲವು ವಾರ ರಾತ್ರಿ ಬೆವರುವುದು ಸಹಜ; ಬಸಿರಿನಲ್ಲಿ ತುಂಬಿಕೊಂಡ ನೀರನ್ನು ದೇಹ ಹೀಗೂ ಹೊರಹಾಕುತ್ತದೆ. ಶಿವಮೊಗ್ಗದಿಂದಲೋ ಧಾರವಾಡದಿಂದಲೋ ಬಾಣಂತನಕ್ಕೆ ಬಂದ ತಾಯಿ, ಊರಿನ ಪದ್ಧತಿಯಂತೆ ಕಿಟಕಿ ಮುಚ್ಚಿ, ಮಗಳ ತಲೆಗೆ ಬಟ್ಟೆ ಕಟ್ಟಿ, ಫ್ಯಾನ್ ಆರಿಸಿ ಮಲಗಿಸುತ್ತಾರೆ. ಮಲೆನಾಡಿನ ಮಳೆಗಾಲಕ್ಕೆ ಹುಟ್ಟಿದ ಪದ್ಧತಿ ಅದು. ದೆಹಲಿಯ ಜೂನ್‌ನಲ್ಲಿ ಅದು ತಾಯಿಗೂ ಕೂಸಿಗೂ ಅಪಾಯ. ಫ್ಯಾನ್ ಹಾಕಿ, ನೀರು ಧಾರಾಳವಾಗಿ ಕೊಡಿ. ಬೆವರಿನ ಜೊತೆ ಜ್ವರ, ಹೊಟ್ಟೆನೋವು, ದುರ್ವಾಸನೆಯ ಸ್ರಾವ ಇದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಸಕ್ಕರೆ ಇಳಿದಾಗ, ಜ್ವರ ಬಿಟ್ಟಾಗ

ಸಕ್ಕರೆ ಕಾಯಿಲೆ ಇದ್ದವರು ನಡುರಾತ್ರಿ ಬೆವರಿ ಎದ್ದರೆ ಮೊದಲ ಶಂಕೆ ಸಕ್ಕರೆ ಇಳಿದಿರುವುದರ ಮೇಲಿರಲಿ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಬಗೆಯ ಮಾತ್ರೆ ನುಂಗುವವರಿಗೆ ಇದು ಆಗುತ್ತದೆ. ಸೋಮವಾರ ಒಪ್ಪತ್ತು, ಏಕಾದಶಿ ಉಪವಾಸ ಬಿಡದ ಹಿರಿಯರು ಊಟ ಬಿಡುತ್ತಾರೆ, ಮಾತ್ರೆ ಬಿಡುವುದಿಲ್ಲ. ರಾತ್ರಿ ಎರಡು ಮೂರರ ಹೊತ್ತಿಗೆ ಕೈ ನಡುಗಿ, ಕೆಟ್ಟ ಕನಸು ಬಿದ್ದು, ಮೈ ತೊಯ್ದು ಎಚ್ಚರವಾಗುತ್ತದೆ. ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರಿದ ಮೇಲೆ ಎರಡು ಬಿಸ್ಕತ್ತೋ ಒಂದು ಚಪಾತಿಯೋ ಕೊಡಿ. ಯಂತ್ರ ಹುಡುಕುತ್ತ ಕೂರಬೇಡಿ. ಅನುಮಾನ ಬಂದರೆ ಸಕ್ಕರೆಯೇ ಮೊದಲು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕದೆ 112ಕ್ಕೆ ಕರೆ ಮಾಡಿ. ಕೆಲವು ರಕ್ತದೊತ್ತಡದ ಮಾತ್ರೆಗಳು ನಡುಕವನ್ನೂ ಎದೆಬಡಿತವನ್ನೂ ಅಡಗಿಸಿಬಿಡುತ್ತವೆ, ಬೆವರನ್ನು ಅಡಗಿಸುವುದಿಲ್ಲ. ಅಂಥವರಿಗೆ ಬೆವರೊಂದೇ ಎಚ್ಚರಿಕೆ. ಮರುದಿನ ಮಾತ್ರೆಯ ಪ್ರಮಾಣದ ಬಗ್ಗೆ ವೈದ್ಯರಲ್ಲಿ ಮಾತಾಡಬೇಕು.

ಮಳೆಗಾಲದ ಕೊನೆಗೆ, ಆಗಸ್ಟ್ ಅಂತ್ಯದಿಂದ ನವೆಂಬರ್‌ವರೆಗೆ, ದೆಹಲಿಯಲ್ಲಿ ಡೆಂಗಿ, ಚಿಕುನ್‌ಗುನ್ಯಾ, ಮಲೇರಿಯಾಗಳ ಕಾಲ. ನಡುಗಿಸುವ ಚಳಿ, ಸುಡುವ ಜ್ವರ, ಆಮೇಲೆ ಮೈ ತೋಯಿಸುವ ಬೆವರು ಎಂದು ಮೂರು ಹಂತದಲ್ಲಿ, ಕೆಲವೊಮ್ಮೆ ದಿನ ಬಿಟ್ಟು ದಿನ ಬಂದರೆ ಮಲೇರಿಯಾ ನೆನೆಯಿರಿ. ಡೆಂಗಿಯ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನದಲ್ಲಿ ಆಗಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಬೇಸಿಗೆಯಲ್ಲಿ ನಮ್ಮನ್ನು ಕಾಪಾಡಿದ ಕೂಲರಿನ ತೊಟ್ಟಿಯೇ ಡೆಂಗಿ ಹರಡುವ ಸೊಳ್ಳೆಯ ತೊಟ್ಟಿಲು. ವಾರಕ್ಕೊಮ್ಮೆ ನೀರು ಚೆಲ್ಲಿ, ಒಳಗೋಡೆಯನ್ನು ಉಜ್ಜಿ ಒಣಗಿಸಿ, ಮೊಟ್ಟೆಗಳು ಅಂಟಿಕೊಂಡಿರುತ್ತವೆ. ಜುಲೈನಲ್ಲಿ ತೇವ ಏರಿದ ಮೇಲೆ ಕೂಲರ್ ಹೇಗೂ ತಂಪು ಕೊಡುವುದಿಲ್ಲ, ಆಗಲೇ ಬರಿದು ಮಾಡಿ ಇಟ್ಟುಬಿಡುವುದು ಒಳ್ಳೆಯದು.

ಮಾತ್ರೆಗಳೂ ಬೆವರಿಸುತ್ತವೆ. ಖಿನ್ನತೆಗೆ ಕೊಡುವ ಎಸಿಟಲೋಪ್ರಾಮ್, ಸರ್ಟ್ರಲಿನ್, ವೆನ್ಲಾಫ್ಯಾಕ್ಸಿನ್, ಸ್ಟೀರಾಯ್ಡ್‌ಗಳು, ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಇವುಗಳಲ್ಲಿ ಸೇರಿವೆ. ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ರಾತ್ರಿಯ ಮದ್ಯ, ಆತಂಕ, ಎದೆಯುರಿ, ಉಸಿರು ನಿಂತು ನಿಂತು ಬರುವ ಗೊರಕೆ ಕೂಡ ಕಾರಣಗಳೇ. ಮಕ್ಕಳಿಗೆ ನಿದ್ದೆ ಹತ್ತಿದ ಮೊದಲ ಗಂಟೆಯಲ್ಲಿ ತಲೆ ಬೆವರುವುದು ಸಾಮಾನ್ಯವಾಗಿ ಸಹಜ. ಮಗು ಆಡಿಕೊಂಡಿದ್ದು, ತೂಕ ಏರುತ್ತಿದ್ದರೆ ಚಿಂತೆ ಬೇಡ. ಎಚ್‌ಐವಿಯಲ್ಲೂ ರಾತ್ರಿ ಬೆವರು ಇರುತ್ತದೆ, ಅದರ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಮತ್ತು ಗೋಪ್ಯ, ಸಹಾಯವಾಣಿ 1097.

ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದೆ ಬೆಳೆಯುವ ಗಂಟು, ಆರು ತಿಂಗಳಲ್ಲಿ ಹತ್ತರಲ್ಲೊಂದು ಪಾಲು ತೂಕ ಇಳಿತ, ಜೊತೆಗೆ ರಾತ್ರಿ ಬೆವರು ಇದ್ದರೆ ಲಿಂಫೋಮಾ ಎಂಬ ರಕ್ತದ ಕ್ಯಾನ್ಸರನ್ನು ಯೋಚಿಸಬೇಕು. ನಮ್ಮಲ್ಲಿ ಕ್ಷಯ ಇಷ್ಟು ಹರಡಿರುವುದರಿಂದ ಗಂಟು ಕಂಡೊಡನೆ ಕ್ಷಯವೆಂದೇ ತಿಳಿದು, ಪರೀಕ್ಷೆಯಿಲ್ಲದೆ ಮಾತ್ರೆ ಆರಂಭಿಸಿ ತಿಂಗಳುಗಳನ್ನು ಕಳೆದುಕೊಂಡವರಿದ್ದಾರೆ. ಗಂಟಿನ ತುಂಡು ತೆಗೆದು ಪರೀಕ್ಷಿಸದೆ ಚಿಕಿತ್ಸೆ ಶುರು ಮಾಡಲು ಒಪ್ಪಬೇಡಿ. ಏಮ್ಸ್‌ನ ಕ್ಯಾನ್ಸರ್ ಕೇಂದ್ರ ಅನ್ಸಾರಿ ನಗರದಲ್ಲಿದೆ, ಅದರದ್ದೇ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಹರಿಯಾಣದ ಝಜ್ಜರ್‌ನಲ್ಲಿದೆ. ಲಿಂಫೋಮಾದ ಹಲವು ಬಗೆಗಳು ಪೂರ್ತಿ ವಾಸಿಯಾಗುತ್ತವೆ.

ಎದೆ ಹಿಂಡುವ ನೋವಿನೊಡನೆ ಒಮ್ಮೆಲೇ ತಣ್ಣನೆಯ ಬೆವರು ಕಿತ್ತುಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಅದು ಹೃದಯಾಘಾತವಿರಬಹುದು. ಗ್ಯಾಸ್ ಎಂದು ಜೀರಿಗೆ ನೀರು ಕುಡಿಯುತ್ತ ಕೂತ ಗಂಟೆಗಳು ಮರಳಿ ಬರುವುದಿಲ್ಲ.

ಇವೇನೂ ಇಲ್ಲದೆ ಬರಿಯ ಬೆವರು ಕಾಡುತ್ತಿದ್ದರೆ ಎರಡು ವಾರ ಒಂದು ಚೀಟಿ ಬರೆಯಿರಿ: ಸಂಜೆಯ ಉಷ್ಣಾಂಶ, ವಾರಕ್ಕೊಮ್ಮೆ ತೂಕ, ಬೆವರು ಬಂದ ಹೊತ್ತು, ಬಟ್ಟೆ ಬದಲಾಯಿಸಬೇಕಾಯಿತೇ, ಅಂದು ತೆಗೆದುಕೊಂಡ ಮಾತ್ರೆ. ಅದನ್ನು ಹಿಡಿದು ಹೋದರೆ ಕಿಕ್ಕಿರಿದ ಓಪಿಡಿಯಲ್ಲಿ ಸಿಗುವ ಮೂರು ನಿಮಿಷವೂ ಸಾರ್ಥಕವಾಗುತ್ತದೆ. ರಕ್ತಕಣಗಳ ಎಣಿಕೆ, ಇಎಸ್‌ಆರ್, ಸಕ್ಕರೆ, ಟಿಎಸ್‌ಎಚ್, ಎಚ್‌ಐವಿ, ಎದೆಯ ಎಕ್ಸ್‌ರೇ, ಇಷ್ಟರಿಂದ ಆರಂಭಿಸಿದರೆ ಸಾಕು. ಎಲ್ಲವೂ ಸರಿಯಿದ್ದರೆ ನೆಮ್ಮದಿಯಿಂದಿರಿ; ಕಾರಣ ಸಿಗದ ಬೆವರು ಎಷ್ಟೋ ಜನಕ್ಕಿದೆ, ಅದು ಆಯಸ್ಸನ್ನು ಕಡಿಮೆ ಮಾಡುವುದಿಲ್ಲ.

ದೆಹಲಿಯಲ್ಲಿ ಬಹಳ ಕಾಲದಿಂದ ಇರುವ ಕನ್ನಡಿಗರಲ್ಲಿ ನನ್ನದೊಂದು ಬೇಡಿಕೆ ಇದೆ. ಮಗನ ಮನೆಗೆ ಬಂದ ತಾಯಿಗೆ, ಹೊಸದಾಗಿ ಬಂದ ಕಟ್ಟಡ ಕಾರ್ಮಿಕನಿಗೆ ಹಿಂದಿ ಬಾರದು. ಮೈಯಲ್ಲಿ ಆಗುತ್ತಿರುವುದನ್ನು ವೈದ್ಯರಿಗೆ ತಿಳಿಸಲಾಗದೆ ಅವರು ‘ಬುಖಾರ್’ (ಜ್ವರ) ಎಂಬ ಒಂದೇ ಪದ ಹೇಳಿ ಮರಳುತ್ತಾರೆ. ‘ರಾತ್ ಕೋ ಪಸೀನಾ ಆತಾ ಹೈ, ಕಪಡೇ ಭೀಗ್ ಜಾತೇ ಹೈಂ, ವಜನ್ ಭೀ ಘಟಾ ಹೈ.’ ರಾತ್ರಿ ಬೆವರು ಬರುತ್ತದೆ, ಬಟ್ಟೆ ತೊಯ್ದುಹೋಗುತ್ತದೆ, ತೂಕವೂ ಇಳಿದಿದೆ ಎನ್ನುವ ಈ ಮೂರು ಮಾತನ್ನು ಅವರಿಗೆ ಕಲಿಸಿಕೊಡಿ. ಸಾಧ್ಯವಾದರೆ ಒಂದು ಬೆಳಿಗ್ಗೆ ರಜೆ ಹಾಕಿ ಅವರ ಜೊತೆ ಓಪಿಡಿ ಸಾಲಿನಲ್ಲಿ ನಿಲ್ಲಿ.